ನಕಲಿ ಚೆಕ್‌ಗೆ ಮೋಸ ಹೋದ ಮೇಲೆ: ಅಮೆರಿಕದಲ್ಲಿ ಮೊದಲು ಯಾವ ಬಾಗಿಲು ತಟ್ಟಬೇಕು?

ಅಮೆರಿಕದಲ್ಲಿ ನಕಲಿ ಚೆಕ್ ಮೋಸಕ್ಕೆ ಸಿಕ್ಕಿಬಿದ್ದ ನಮ್ಮವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಬ್ಯಾಂಕ್ ಮೇಲೆ ಕೇಸ್ ಹಾಕಬಹುದಾ?" ಹಾಕಬಹುದು, ಆದರೆ ಗೆಲ್ಲೋದು ಕಷ್ಟ. ಅದರ ಬಗ್ಗೆ ಯೋಚಿಸುತ್ತಾ ಕೂತರೆ ನಿಜವಾಗಿ ದುಡ್ಡು ವಾಪಸ್ ತರಬಹುದಾದ ಮೊದಲ ಕೆಲವು ಗಂಟೆಗಳು ಸುಮ್ನೆ ಕಳೆದುಹೋಗುತ್ತವೆ. ನನ್ನ ಪ್ರಕಾರ ಇಲ್ಲಿ ಬೆನ್ನು ಹತ್ತಬೇಕಾದ್ದು ಚೆಕ್ಕನ್ನಲ್ಲ. ನಿಮ್ಮ ಖಾತೆಯಿಂದ ಹೊರಗೆ ಹೋದ ದುಡ್ಡಿನ ಹಿಂದೆ ಓಡಬೇಕು. ಅದು ಯಾವ ದಾರಿಯಲ್ಲಿ ಹೋಯಿತು, ಯಾವಾಗ ಹೋಯಿತು ಅನ್ನುವುದರ ಮೇಲೆ ನಿಮಗೆ ಯಾವ ಆಯ್ಕೆ ಒಳ್ಳೆಯದು ಅನ್ನುವುದು ನಿಂತಿದೆ.

ಮೋಸದ ಬಗೆ ಬಹಳ ಜನರಿಗೆ ಗೊತ್ತಿರುತ್ತದೆ. ಪ್ರೊಫೆಸರ್ ಹೆಸರಲ್ಲಿ ವಿದ್ಯಾರ್ಥಿಗೆ ಒಂದು ಈಮೇಲ್ ಬರುತ್ತದೆ, ಮನೆಯಿಂದಲೇ ಮಾಡುವ ಅಸಿಸ್ಟೆಂಟ್ ಕೆಲಸ ಇದೆ ಅಂತ. ಇಲ್ಲವೇ ಊರು ಬದಲಿಸುವಾಗ ಸೋಫಾ ಮಾರಾಟಕ್ಕಿಟ್ಟವರಿಗೆ ಕೇಳಿದ್ದಕ್ಕಿಂತ ಜಾಸ್ತಿ ಮೊತ್ತದ ಚೆಕ್ ಬರುತ್ತದೆ. ಕಾರಿನ ಮೇಲೆ ಜಾಹೀರಾತು ಅಂಟಿಸಿದರೆ ವಾರಕ್ಕಿಷ್ಟು ಅಂತ ಹೇಳುವವರೂ ಇದ್ದಾರೆ. ಎಲ್ಲದರಲ್ಲೂ ತಿರುಳು ಒಂದೇ: ಚೆಕ್ ಹಾಕಿಕೊಳ್ಳಿ, ನಿಮ್ಮ ಪಾಲು ಇಟ್ಟುಕೊಳ್ಳಿ, ಉಳಿದದ್ದನ್ನು ನಾವು ಹೇಳಿದ ಕಡೆಗೆ ಕಳಿಸಿ. ಒಂದು ವಾರಕ್ಕೋ ಎರಡು ವಾರಕ್ಕೋ ಚೆಕ್ ನಕಲಿ ಅಂತ ವಾಪಸ್ ಬರುತ್ತದೆ. ಆಗ ಬ್ಯಾಂಕ್ ಪೂರ್ತಿ ಮೊತ್ತವನ್ನು ನಿಮ್ಮ ಖಾತೆಯಿಂದ ಕತ್ತರಿಸುತ್ತದೆ.

ಗ್ರಾಹಕರ ದೂರು ಪಡೆಯುವ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, 2019ರ ಲೆಕ್ಕ ಕೊಟ್ಟಾಗ ಜನ ವರದಿ ಮಾಡಿದ ನಷ್ಟವೇ 2.8 ಕೋಟಿ ಡಾಲರ್ ದಾಟಿತ್ತು. ನಷ್ಟ ಹೇಳಿಕೊಂಡವರಲ್ಲಿ ನಡುಮಟ್ಟದ ಮೊತ್ತ 1,988 ಡಾಲರ್. ಇಪ್ಪತ್ತರ ವಯಸ್ಸಿನವರು ಮೂವತ್ತು ದಾಟಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಬಲಿಯಾಗಿದ್ದರು. ಹೊಸದಾಗಿ ಓದಲು ಹೋದ ನಮ್ಮ ಮಕ್ಕಳದ್ದು ಇದೇ ವಯಸ್ಸು, ಅಲ್ವಾ?

ನಮ್ಮವರು ಬೀಳಲು ಇನ್ನೊಂದು ಕಾರಣವೂ ಇದೆ. ಭಾರತದಲ್ಲಿ ಸಾಮಾನ್ಯವಾಗಿ ಕ್ಲಿಯರಿಂಗ್ ಮುಗಿದ ಮೇಲೇ ಚೆಕ್‌ನ ದುಡ್ಡು ಕೈಗೆ ಸಿಗುತ್ತದೆ. ಖಾತೆಯಲ್ಲಿ ಕಂಡರೆ ಬಂದಂತೆಯೇ ಲೆಕ್ಕ. ಅಮೆರಿಕದಲ್ಲಿ 1987ರ ಒಂದು ಕಾನೂನು ಬ್ಯಾಂಕ್‌ಗಳಿಗೆ ಬೇಗ ದುಡ್ಡು ಬಳಕೆಗೆ ಕೊಡಬೇಕು ಅಂತ ಹೇಳುತ್ತದೆ. ಚೆಕ್ ಹಾಕಿದ ಮರುದಿನ ಮೊದಲ 275 ಡಾಲರ್, ಉಳಿದದ್ದು ಸಾಮಾನ್ಯವಾಗಿ ಎರಡನೇ ಕೆಲಸದ ದಿನ. ಕೌಂಟರ್‌ನಲ್ಲಿ ಕೊಟ್ಟ ಕ್ಯಾಷಿಯರ್ಸ್ ಚೆಕ್ (ನಮ್ಮ ಡಿಡಿ ಥರ ಬ್ಯಾಂಕೇ ಬರೆದುಕೊಡುವ ಚೆಕ್) ಆದರೆ ಮರುದಿನವೇ. ಮೋಸಗಾರರು ಕ್ಯಾಷಿಯರ್ಸ್ ಚೆಕ್ ಮೇಲೆ ಅಷ್ಟು ಪ್ರೀತಿ ಇಟ್ಟಿರುವುದು ಇದಕ್ಕೇ. ಬ್ಯಾಂಕ್ ಮುಂಗಡವಾಗಿ ಬಳಸಲು ಬಿಟ್ಟ ದುಡ್ಡನ್ನು ನಾವು "ಕ್ಲಿಯರ್ ಆಯ್ತು" ಅಂದುಕೊಳ್ಳುತ್ತೇವೆ.

ಊರಿನಿಂದ ಬರುವ ಸಲಹೆ "ಚೆಕ್ ಬೌನ್ಸ್ ಕೇಸ್ ಹಾಕು" ಅಂತ. ಭಾರತದ 138ನೇ ಸೆಕ್ಷನ್ ಮನಸ್ಸಲ್ಲಿ ಅಷ್ಟು ಗಟ್ಟಿಯಾಗಿದೆ. ಅಲ್ಲಿ ಚೆಕ್ ಬರೆದವನು ಯಾರು ಅಂತ ಗೊತ್ತಿರುತ್ತದೆ, ಅವನ ಮೇಲೆ ಕೇಸ್ ನಡೆಯುತ್ತದೆ. ಇಲ್ಲಿ ಚೆಕ್ ಮೇಲೆ ಹೆಸರಿರುವ ಕಂಪನಿ ಬಹಳ ಸಲ ನಿಜವಾದದ್ದೇ, ಅದರ ಖಾತೆ ನಂಬರನ್ನು ಯಾರೋ ಕದ್ದಿರುತ್ತಾರೆ. ಅವರೂ ಮೋಸ ಹೋದವರೇ. ಅವರ ಮೇಲೆ ಕೇಸ್ ಹಾಕಿ ಪ್ರಯೋಜನವಿಲ್ಲ. ಬದಲಿಗೆ ಅವರಿಗೊಂದು ಫೋನ್ ಮಾಡಿ ತಿಳಿಸಿ. ನಂಬರನ್ನು ಚೆಕ್ ಮೇಲಿಂದ ತೆಗೆದುಕೊಳ್ಳಬೇಡಿ, ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ. "ಈ ಚೆಕ್ ನಮ್ಮದಲ್ಲ" ಅಂತ ಅವರು ಒಂದು ಈಮೇಲ್ ಬರೆದುಕೊಟ್ಟರೆ ಮುಂದೆ ಬ್ಯಾಂಕ್‌ಗೂ ಪೊಲೀಸರಿಗೂ ತೋರಿಸಲು ಅದು ಒಳ್ಳೆಯ ದಾಖಲೆ.

ನೀವೇ ಕಳಿಸಿದಿರಾ, ಅವರೇ ತೆಗೆದರಾ?

ಯಾವ ಆಯ್ಕೆ ಅಂತ ನೋಡುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಎರಡಕ್ಕೂ ಕಾನೂನು ಬೇರೆ ಬೇರೆ, ಫಲಿತಾಂಶವೂ ಬೇರೆ.

ನಿಮ್ಮ ಆನ್‌ಲೈನ್ ಬ್ಯಾಂಕಿಂಗ್ ಪಾಸ್‌ವರ್ಡ್ ಅಥವಾ ಡೆಬಿಟ್ ಕಾರ್ಡನ್ನು ಏನೋ ಸುಳ್ಳು ಹೇಳಿ ಪಡೆದು, ಅವರೇ ಚೆಕ್ ಹಾಕಿ, ಅವರೇ ದುಡ್ಡು ತೆಗೆದಿದ್ದರೆ ನಿಮ್ಮ ಕೈಯಲ್ಲಿ ಇರುವುದರಲ್ಲೇ ಗಟ್ಟಿ ಆಯುಧ ಇದೆ. ಎಲೆಕ್ಟ್ರಾನಿಕ್ ಹಣ ವರ್ಗಾವಣೆಯ ಫೆಡರಲ್ ನಿಯಮಕ್ಕೆ ರೆಗ್ಯುಲೇಷನ್ ಇ ಅಂತ ಹೆಸರು. ಮೋಸದಿಂದ ಅಥವಾ ದೋಚಿ ಪಡೆದ ಕಾರ್ಡು, ಪಾಸ್‌ವರ್ಡ್ ಬಳಸಿ ಬೇರೆಯವರು ಮಾಡಿದ ವರ್ಗಾವಣೆಯನ್ನು ಅದರ ಅಧಿಕೃತ ವ್ಯಾಖ್ಯಾನ 'ಅನುಮತಿ ಇಲ್ಲದ್ದು' ಅಂತಲೇ ಎಣಿಸುತ್ತದೆ. ವಿಷಯ ಗೊತ್ತಾದ ಎರಡು ಕೆಲಸದ ದಿನಗಳೊಳಗೆ ಹೇಳಿದರೆ ನಿಮ್ಮ ಹೊಣೆ 50 ಡಾಲರ್‌ವರೆಗೆ. ತಡವಾದರೆ 500ರವರೆಗೆ. ಸ್ಟೇಟ್‌ಮೆಂಟ್ ಕಳಿಸಿ 60 ದಿನ ಕಳೆದರೂ ಹೇಳದೇ ಇದ್ದರೆ ಆಮೇಲೆ ಹೋದ ದುಡ್ಡಿಗೆ ಮಿತಿಯೇ ಇಲ್ಲ. ಹಾಗಾಗಿ ಬ್ಯಾಂಕ್‌ಗೆ ಫೋನ್ ಮಾಡಿದಾಗ "ಸ್ಕ್ಯಾಮ್ ಆಯ್ತು" ಅಂತಷ್ಟೇ ಹೇಳಿ ಬಿಡಬೇಡಿ. "ಈ ವರ್ಗಾವಣೆ ನಾನು ಮಾಡಿದ್ದಲ್ಲ, ರೆಗ್ಯುಲೇಷನ್ ಇ ಪ್ರಕಾರ ತನಿಖೆ ಮಾಡಿ" ಅಂತ ಹೇಳಿ, ಅದನ್ನೇ ಬರೆದೂ ಕೊಡಿ. ಬ್ಯಾಂಕ್ ಹತ್ತು ಕೆಲಸದ ದಿನಗಳಲ್ಲಿ ತೀರ್ಮಾನ ಹೇಳಬೇಕು. ಹೆಚ್ಚು ಸಮಯ ಬೇಕಾದರೆ ಸಾಮಾನ್ಯವಾಗಿ ಆ ದುಡ್ಡನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಿ ತನಿಖೆ ಮುಂದುವರಿಸಬೇಕು.

ಆದರೆ ಕಮಿಷನ್ ಆಸೆಗೆ ಗೊತ್ತಿದ್ದೇ ಕಾರ್ಡನ್ನೂ ಪಿನ್ನನ್ನೂ ಯಾರಿಗೋ ಕೊಟ್ಟಿದ್ದರೆ ಈ ಮಾತು ನಡೆಯುವುದಿಲ್ಲ. ಅಲ್ಲಿ ಬ್ಯಾಂಕ್ ನಿಮ್ಮನ್ನೇ ಸಂಶಯಪಡುತ್ತದೆ. ಅಂಥವರು ಬ್ಯಾಂಕ್‌ಗೆ ಏನೂ ಹೇಳುವ ಮುಂಚೆ ವಕೀಲರನ್ನು ನೋಡಬೇಕು.

ಹೆಚ್ಚಿನವರ ಕಥೆ ಎರಡನೆಯದು. ಚೆಕ್ ಹಾಕಿದ್ದೂ ಮೋಸ ಹೋದವರೇ, ದುಡ್ಡು ಕಳಿಸಿದ್ದೂ ಮೋಸ ಹೋದವರೇ. ಸುಳ್ಳು ನಂಬಿ ಕಳಿಸಿದರೂ ಕಳಿಸಿದ್ದು ನೀವೇ, ಹಾಗಾಗಿ ರೆಗ್ಯುಲೇಷನ್ ಇ ನಿಮ್ಮ ನೆರವಿಗೆ ಬರುವುದಿಲ್ಲ. ಇಲ್ಲಿಂದ ಮುಂದೆ ದುಡ್ಡು ಹೋದ ದಾರಿಯನ್ನೇ ನೋಡಬೇಕು.

ಹೋದ ದಾರಿಯಲ್ಲೇ ಹಿಡಿಯುವುದು

ಬ್ಯಾಂಕ್ ವೈರ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ) ಆಗಿದ್ದರೆ, ಕಳಿಸಿದ ಬ್ಯಾಂಕಿನ ಫ್ರಾಡ್ ವಿಭಾಗಕ್ಕೆ ಈಗಲೇ ಫೋನ್ ಮಾಡಿ ರೀಕಾಲ್ ಮಾಡಿ, ಅಂದರೆ ದುಡ್ಡನ್ನು ವಾಪಸ್ ಕರೆಸಿ ಅಂತ ಕೇಳಿ. ಅದೇ ದಿನ ಎಫ್‌ಬಿಐ ಇಂಟರ್ನೆಟ್ ಅಪರಾಧದ ದೂರು ಪಡೆಯುವ ಐಸಿ3 ತಾಣದಲ್ಲಿ ದೂರು ಹಾಕಿ, ಹಣ ತಲುಪಿದ ಬ್ಯಾಂಕ್, ಖಾತೆ ನಂಬರ್ ಎಲ್ಲ ಬರೆಯಿರಿ. 2018ರಲ್ಲಿ ಶುರುವಾದ ಅವರ ರಿಕವರಿ ಅಸೆಟ್ ಟೀಮ್ ಬ್ಯಾಂಕ್‌ಗಳ ಜೊತೆ ಮಾತಾಡಿ ಹಣವನ್ನು ತಡೆಹಿಡಿಯಲು ನೋಡುತ್ತದೆ. 72 ಗಂಟೆ ದಾಟಿದರೆ ಆಸೆ ತೀರಾ ಕಮ್ಮಿ. ಇನ್ನೊಂದು ಮಾತು. ಈ ತಂಡದ ಶಕ್ತಿ ದೊಡ್ಡ ಮೊತ್ತಗಳ ಮೇಲೆ ಹೋಗುತ್ತದೆ, ಎರಡು ಸಾವಿರ ಡಾಲರ್‌ಗೆ ಅವರು ಓಡಿಬರುತ್ತಾರೆ ಅಂತ ನಂಬಿ ಕೂರಬೇಡಿ. ಆದರೂ ದೂರು ಹಾಕಿ, ಖರ್ಚೇನೂ ಇಲ್ಲ.

ಹೊರದೇಶಕ್ಕೆ ರೆಮಿಟೆನ್ಸ್ ಕಂಪನಿ ಮೂಲಕ ಕಳಿಸಿದ್ದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಹಕ್ಕಿದೆ. ದುಡ್ಡು ಕಟ್ಟಿದ 30 ನಿಮಿಷದೊಳಗೆ ರದ್ದು ಮಾಡಿ ಅಂತ ಹೇಳಿದರೆ, ಅಲ್ಲಿ ಇನ್ನೂ ಯಾರೂ ತೆಗೆದುಕೊಳ್ಳದಿದ್ದರೆ, ಶುಲ್ಕವನ್ನೂ ಸೇರಿಸಿ ವಾಪಸ್ ಕೊಡಲೇಬೇಕು. ಅರ್ಧ ಗಂಟೆಯಲ್ಲಿ ಮೋಸ ಗೊತ್ತಾಗುವುದು ಅಪರೂಪ, ನಿಜ. ಆದರೆ ಕಳಿಸಿ ಹೊರಗೆ ಬರುವಷ್ಟರಲ್ಲೇ ಹೊಟ್ಟೆಯಲ್ಲಿ ಏನೋ ಕಸಿವಿಸಿ ಆಗುವುದುಂಟು. ಆಗ ನಾಚಿಕೆ ಬಿಟ್ಟು ಒಳಗೆ ವಾಪಸ್ ಹೋಗಬೇಕು.

ನಮ್ಮ ಯುಪಿಐ ಥರ ಖಾತೆಯಿಂದ ಖಾತೆಗೆ ಕೂಡಲೇ ದುಡ್ಡು ಕಳಿಸುವ ಜೆಲ್ ಮೂಲಕ ಕಳಿಸಿದ್ದರೆ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಬ್ಯಾಂಕ್ ಅಥವಾ ಸರ್ಕಾರದವರಂತೆ ನಟಿಸಿ ದುಡ್ಡು ಕಿತ್ತ ಕೆಲವು ಬಗೆಯ ಮೋಸಗಳಿಗೆ 2023ರಿಂದ ಜೆಲ್ ಜಾಲದ ಬ್ಯಾಂಕ್‌ಗಳು ಹಣ ವಾಪಸ್ ಕೊಡುತ್ತಿವೆ. ಸುಳ್ಳು ಕೆಲಸ, ಸುಳ್ಳು ಸೋಫಾ ಗಿರಾಕಿ ಆ ಪಟ್ಟಿಗೆ ಬರುವುದಿಲ್ಲ. ಹಾಗಿದ್ದರೂ ಬ್ಯಾಂಕ್‌ಗೆ ತಿಳಿಸಿ, ತಲುಪಿದ ಖಾತೆಯಲ್ಲಿ ಇನ್ನೂ ದುಡ್ಡಿದ್ದರೆ ತಡೆಯಬಹುದು.

ಗಿಫ್ಟ್ ಕಾರ್ಡ್ ಆಗಿದ್ದರೆ ಕಾರ್ಡನ್ನೂ ಅಂಗಡಿಯ ರಸೀದಿಯನ್ನೂ ಬಿಸಾಡಬೇಡಿ. ಆಪಲ್, ಗೂಗಲ್ ಪ್ಲೇ, ಟಾರ್ಗೆಟ್, ಹೀಗೆ ಕಾರ್ಡ್ ಹೊರಡಿಸಿದವರಿಗೇ ಫೋನ್ ಮಾಡಬೇಕು. ಮಾರಿದ ಅಂಗಡಿಯ ಕೌಂಟರ್‌ನಲ್ಲಿ ಜಗಳವಾಡಿದರೆ ಪ್ರಯೋಜನ ಕಮ್ಮಿ. ಕಾನೂನಿನ ಒತ್ತಾಯ ಏನೂ ಇಲ್ಲ, ಕಾರ್ಡಿನಲ್ಲಿ ಬಾಕಿ ಉಳಿದಿದ್ದರೆ ಮಾತ್ರ ಸಿಗುವ ಸಂಭವ. ನಗದು ತುಂಬಿದ ಪಾರ್ಸಲ್ ಕಳಿಸಿದ್ದರೆ ಅಂಚೆ ಇಲಾಖೆಗೋ ಕೊರಿಯರ್‌ಗೋ ಹೇಳಿ ಮಧ್ಯದಲ್ಲೇ ತಡೆಯಲು ಕೇಳಿ. ಕ್ರಿಪ್ಟೊ ಎಟಿಎಂಗೆ ಹಾಕಿದ್ದರೆ ಯಂತ್ರ ನಡೆಸುವ ಕಂಪನಿಗೆ ತಿಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಂದ ವಾಪಸ್ ಬರುವುದು ಬಲು ಕಷ್ಟ.

ಬ್ಯಾಂಕ್ ಜೊತೆ ಜಗಳ: ಎಲ್ಲಿ ಸೋಲು, ಎಲ್ಲಿ ಸಣ್ಣ ಕಿಂಡಿ

ಚೆಕ್‌ಗಳ ವ್ಯವಹಾರಕ್ಕೆ ಅಮೆರಿಕದ ರಾಜ್ಯಗಳಲ್ಲಿ ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಅನ್ನುವ ಕಾನೂನಿದೆ. ಪದಗಳು ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬದಲಾಗುತ್ತವೆ. ಅದರ 4-214ನೇ ಸೆಕ್ಷನ್ ಪ್ರಕಾರ ಚೆಕ್ ಹಣ ಅಂತಿಮವಾಗಿ ಇತ್ಯರ್ಥವಾಗುವವರೆಗೆ ಬ್ಯಾಂಕ್ ಕೊಟ್ಟದ್ದೆಲ್ಲ ತಾತ್ಕಾಲಿಕ. ಚೆಕ್ ವಾಪಸ್ ಬಂದರೆ ಬ್ಯಾಂಕ್ ಅದನ್ನು ನಿಮ್ಮಿಂದ ಹಿಂದಕ್ಕೆ ಪಡೆಯಬಹುದು. ನೀವು ಖರ್ಚು ಮಾಡಿಬಿಟ್ಟಿದ್ದೀರಿ ಅನ್ನುವುದು ಕಾರಣವಾಗುವುದಿಲ್ಲ.

"ಬ್ಯಾಂಕಿನವರೇ ಕ್ಲಿಯರ್ ಆಗಿದೆ ಅಂದರು, ಅದನ್ನು ನಂಬಿ ಕಳಿಸಿದೆ" ಅನ್ನುವುದು ನಮ್ಮ ಕಡೆಯ ಬಲವಾದ ವಾದ ಅನ್ನಿಸುತ್ತದೆ. ನ್ಯೂಯಾರ್ಕ್‌ನ ಒಂದು ವಕೀಲರ ಸಂಸ್ಥೆಗೂ ಹಾಗೇ ಅನ್ನಿಸಿತ್ತು. ಕಕ್ಷಿದಾರನಂತೆ ಬಂದವನೊಬ್ಬ ಅವರಿಗೆ 1,97,750 ಡಾಲರ್‌ನ ಕ್ಯಾಷಿಯರ್ಸ್ ಚೆಕ್ ಕಳಿಸಿದ. ಅವರು ಎಚ್‌ಎಸ್‌ಬಿಸಿಯಲ್ಲಿ ಹಾಕಿ, ಫೋನ್ ಮಾಡಿ ವಿಚಾರಿಸಿ, ಕ್ಲಿಯರ್ ಆಗಿದೆ ಅನ್ನುವ ಉತ್ತರ ಬಂದ ಮೇಲೆ 1,87,500 ಡಾಲರ್ ಹೊರದೇಶಕ್ಕೆ ವೈರ್ ಮಾಡಿದರು. ಚೆಕ್ ನಕಲಿ. 2011ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಬ್ಯಾಂಕ್‌ಗಳ ಪರ ತೀರ್ಪು ಕೊಟ್ಟಿತು. 'ಕ್ಲಿಯರ್' ಅನ್ನುವ ಬಾಯಿಮಾತಿಗೆ ಖಚಿತ ಅರ್ಥವಿಲ್ಲ, ಅದನ್ನು ನಂಬಿ ಅಷ್ಟು ದುಡ್ಡು ಕಳಿಸುವುದು ಸಮಂಜಸವಲ್ಲ ಅಂತ. ವಕೀಲರಿಗೇ ಹೀಗಾದರೆ ಎರಡನೇ ಸೆಮಿಸ್ಟರ್ ಹುಡುಗನ ಗತಿ? ಬೇರೆ ರಾಜ್ಯದ ಕೋರ್ಟ್ ಬೇರೆ ರೀತಿ ನೋಡಬಾರದು ಅಂತೇನಿಲ್ಲ, ಆದರೆ ಬಾಯಿಮಾತನ್ನಷ್ಟೇ ಹಿಡಿದುಕೊಂಡು ವಕೀಲರಿಗೆ ದುಡ್ಡು ಸುರಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಿಂಡಿ ಇರುವುದು ತಾರೀಕುಗಳಲ್ಲಿ. ಅದೇ 4-214 ಇನ್ನೊಂದು ಮಾತನ್ನೂ ಹೇಳುತ್ತದೆ. ಚೆಕ್ ವಾಪಸ್ ಬಂದ ವಿಷಯ ಗೊತ್ತಾದ ಮೇಲೆ ಬ್ಯಾಂಕ್ ಮರು ಬ್ಯಾಂಕಿಂಗ್ ದಿನದ ಮಧ್ಯರಾತ್ರಿಯೊಳಗೆ, ಅಥವಾ ಸಮಂಜಸವಾದ ಸ್ವಲ್ಪ ಹೆಚ್ಚು ಸಮಯದೊಳಗೆ, ನಿಮಗೆ ಹೇಳಬೇಕು. ತಡ ಮಾಡಿದರೂ ಖಾತೆಯಿಂದ ಕತ್ತರಿಸಬಹುದು, ಆದರೆ ಆ ತಡದಿಂದ ನಿಮಗಾದ ನಷ್ಟಕ್ಕೆ ಹೊಣೆ ಬ್ಯಾಂಕಿನದು. ಒಂದು ಉದಾಹರಣೆ ಹೀಗೆ ಇಟ್ಟುಕೊಳ್ಳಿ. ಸೋಮವಾರ ಬ್ಯಾಂಕ್‌ಗೆ ಚೆಕ್ ನಕಲಿ ಅಂತ ಗೊತ್ತಾಯಿತು. ನಿಮಗೆ ತಿಳಿಸಿದ್ದು ಮುಂದಿನ ಸೋಮವಾರ. ಈ ನಡುವೆ ಶುಕ್ರವಾರ ನೀವು 900 ಡಾಲರ್ ಕಳಿಸಿದಿರಿ. ಆ 900ರ ಬಗ್ಗೆ ನಿಮ್ಮ ವಾದಕ್ಕೆ ತೂಕವಿದೆ. ಮೊದಲೇ ಕಳಿಸಿದ್ದ ದುಡ್ಡಿಗೆ ಇಲ್ಲ. ಹಾಗಾಗಿ ಬ್ಯಾಂಕ್‌ಗೆ ಬರೆಯುವ ಪತ್ರದಲ್ಲಿ ಸಿಟ್ಟು ತೋರಿಸುವ ಬದಲು ಮೂರು ತಾರೀಕು ಕೇಳಿ: ಚೆಕ್ ಮುಂದಿನ ಬ್ಯಾಂಕ್‌ಗೆ ಹೋದದ್ದು ಯಾವತ್ತು, ವಾಪಸ್ ಸುದ್ದಿ ಬಂದದ್ದು ಯಾವತ್ತು, ನನಗೆ ತಿಳಿಸಿದ್ದು ಯಾವತ್ತು. ಚೆಕ್ಕಿನ ಎರಡೂ ಬದಿಯ ಪ್ರತಿಯನ್ನೂ ಕೇಳಿ.

ಇನ್ನೊಂದು ಕಿಂಡಿ ಚೆಕ್ ಯಾವ ಬಗೆಯ ನಕಲಿ ಅನ್ನುವುದರಲ್ಲಿದೆ. ಇಡೀ ಚೆಕ್ಕೇ ಸುಳ್ಳಾಗಿ ಅಚ್ಚಾಗಿದ್ದು, ಹಣ ಕೊಡಬೇಕಾದ ಬ್ಯಾಂಕ್ ಗಡುವಿನೊಳಗೆ ವಾಪಸ್ ಮಾಡದೆ ಹಣ ಕೊಟ್ಟುಬಿಟ್ಟಿದ್ದರೆ, ನಷ್ಟ ಸಾಮಾನ್ಯವಾಗಿ ಆ ಬ್ಯಾಂಕಿನ ತಲೆಗೇ ಬೀಳುತ್ತದೆ, ಪ್ರಾಮಾಣಿಕವಾಗಿ ಚೆಕ್ ಹಾಕಿದವರಿಗಲ್ಲ. ಆದರೆ ಯಾರದೋ ನಿಜವಾದ ಚೆಕ್ಕನ್ನು ಅಂಚೆಯಲ್ಲಿ ಕದ್ದು, ಶಾಯಿ ತೊಳೆದು ಹೆಸರು ಮೊತ್ತ ತಿದ್ದಿದ್ದರೆ ಕಥೆ ಉಲ್ಟಾ. ಚೆಕ್ ತಿದ್ದಿಲ್ಲ ಅಂತ ಅದನ್ನು ಹಾಕಿದವರೇ ಖಾತರಿ ಕೊಟ್ಟಂತೆ ಕಾನೂನು ಎಣಿಸುತ್ತದೆ. ತಿಂಗಳುಗಳ ಮೇಲೂ ದುಡ್ಡು ಕೇಳಿಕೊಂಡು ಬರಬಹುದು. ವಾಪಸ್ ಚೀಟಿಯಲ್ಲಿ ಈ ಎರಡನ್ನೂ ಒಂದೇ ಕಾರಣದಡಿ ಬರೆಯುವುದುಂಟು. ಹಾಗಾಗಿ ಯಾವುದು ಅಂತ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ.

ಈ ಕಿಂಡಿಗಳಲ್ಲಿ ಒಂದಾದರೂ ನಿಮಗೆ ಸಿಕ್ಕಿದ್ದರೆ ಮಾತ್ರ ಮುಂದಿನ ಆಯ್ಕೆ: ಮೇಲ್ವಿಚಾರಕರಿಗೆ ದೂರೋ, ಸಣ್ಣ ಮೊತ್ತದ ವ್ಯಾಜ್ಯ ನೋಡುವ ಸ್ಮಾಲ್ ಕ್ಲೈಮ್ಸ್ ಕೋರ್ಟೋ, ವಕೀಲರೋ? ನಾನು ದೂರಿನಿಂದಲೇ ಶುರುಮಾಡಿ ಅನ್ನುತ್ತೇನೆ. ಗ್ರಾಹಕ ಹಣಕಾಸು ರಕ್ಷಣಾ ಮಂಡಳಿ ಸಿಎಫ್‌ಪಿಬಿಗೆ ದೂರು ಹಾಕಿದರೆ ಬ್ಯಾಂಕ್ ಸಾಮಾನ್ಯವಾಗಿ 15 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ 60 ದಿನ. ನ್ಯಾಷನಲ್ ಬ್ಯಾಂಕ್ ಆದರೆ ಅದರ ಮೇಲ್ವಿಚಾರಕ ಒಸಿಸಿಗೆ, ಕ್ರೆಡಿಟ್ ಯೂನಿಯನ್ (ಸದಸ್ಯರ ಸಹಕಾರಿ ಬ್ಯಾಂಕ್) ಆದರೆ ಅದರ ಮೇಲ್ವಿಚಾರಕ ಎನ್‌ಸಿಯುಎಗೆ ಹೇಳಬಹುದು. ಇವರಾರೂ ನ್ಯಾಯಾಧೀಶರಲ್ಲ, ದುಡ್ಡು ಕೊಡು ಅಂತ ಆದೇಶ ಮಾಡಲಾರರು. ಆದರೆ ಬ್ರಾಂಚಿನ ಕಿಟಕಿಯಲ್ಲಿ ಸಿಗದ ತಾರೀಕುಗಳು ಈ ದೂರಿನ ಉತ್ತರದಲ್ಲಿ ಸಿಗಬಹುದು. ಕೋರ್ಟಿಗೆ ಹೋಗಲು ನಿಮಗೆ ಬೇಕಾದದ್ದೂ ಅದೇ.

ಸ್ಮಾಲ್ ಕ್ಲೈಮ್ಸ್ ಕೋರ್ಟಿನಲ್ಲಿ ಖರ್ಚು ಕಮ್ಮಿ, ಭಾಷೆ ಸರಳ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ಮತ್ತು ಅಲ್ಲಿ ಸಾಮಾನ್ಯವಾಗಿ ಎರಡೂ ಕಡೆ ವಕೀಲರು ನಿಂತು ವಾದಿಸುವಂತಿಲ್ಲ. ಟೆಕ್ಸಾಸ್‌ನ ಜಸ್ಟಿಸ್ ಕೋರ್ಟಿನಲ್ಲಿ ಮಿತಿ 20,000. ನ್ಯೂಯಾರ್ಕ್ ನಗರದಲ್ಲಿ 10,000. ಖಾತೆ ತೆರೆಯುವಾಗ ನೀವು ಓದದೆ ಒಪ್ಪಿದ ಕರಾರಿನಲ್ಲಿ ಕೋರ್ಟಿನ ಬದಲು ಆರ್ಬಿಟ್ರೇಷನ್ (ಖಾಸಗಿ ಮಧ್ಯಸ್ಥರ ತೀರ್ಪು) ಅಂತ ಇದ್ದೇ ಇರುತ್ತದೆ ಅಂದುಕೊಳ್ಳಿ. ಬಹಳಷ್ಟು ಕರಾರುಗಳು ಸ್ಮಾಲ್ ಕ್ಲೈಮ್ಸ್‌ಗೆ ವಿನಾಯಿತಿ ಕೊಡುತ್ತವೆ, ಆ ಸಾಲನ್ನು ಹುಡುಕಿ. ಚೆಕ್ ವಿಷಯದ ದಾವೆಗೆ ಕೋಡ್ ಕೊಡುವ ಕಾಲ ಮೂರು ವರ್ಷ. ಹಾಗಾಗಿ ಗಾಬರಿಯಲ್ಲಿ ನಾಳೆಯೇ ಹಾಕಬೇಕಾಗಿಲ್ಲ, ದಾಖಲೆ ಕೂಡಿಸಿಕೊಂಡು ಹೋಗಿ. ವಕೀಲರನ್ನು ಹಿಡಿಯುವುದು ಮೊತ್ತ ಐವತ್ತು ಸಾವಿರದ ಆಚೆ ಇದ್ದರೆ, ಅಥವಾ ನಿಮ್ಮ ಸಣ್ಣ ವ್ಯಾಪಾರದ ಖಾತೆಯಿಂದ ಹೋಗಿದ್ದರೆ ಮಾತ್ರ ಗಿಟ್ಟುತ್ತದೆ ಅನ್ನುವುದು ನನ್ನ ಲೆಕ್ಕ. ಎರಡು ಸಾವಿರದ ನಷ್ಟಕ್ಕೆ ವಕೀಲರ ಫೀಸೇ ಅದನ್ನು ನುಂಗುತ್ತದೆ.

ಪೊಲೀಸ್, ಎಫ್‌ಟಿಸಿ, ಅಂಚೆ

ದೂರು ಕೊಟ್ಟರೆ ದುಡ್ಡು ಬರುತ್ತಾ? ಹೆಚ್ಚಿನ ಸಲ ಬರಲ್ಲ. ಹಾಗಾದರೆ ಯಾಕೆ ಕೊಡಬೇಕು ಅಂದರೆ, ಮೊದಲ ಕಾರಣ ನಿಮ್ಮದೇ ರಕ್ಷಣೆ. ನಿಮ್ಮ ಖಾತೆಗೆ ನಕಲಿ ಚೆಕ್ ಬಿದ್ದಿದೆ, ಅಲ್ಲಿಂದ ದುಡ್ಡು ಅಪರಿಚಿತರಿಗೆ ಹೋಗಿದೆ. ಹೊರಗಿನಿಂದ ನೋಡುವವರಿಗೆ ನೀವು ಮೋಸಗಾರರ ಏಜೆಂಟ್ ಥರ ಕಾಣುತ್ತೀರಿ. ನೀವೇ ಮೊದಲು ಹೋಗಿ ಹೇಳಿದ ದಾಖಲೆ ಇದ್ದರೆ ಆ ಚಿತ್ರ ಬದಲಾಗುತ್ತದೆ. ಬ್ಯಾಂಕ್ ಎಚ್ಚರಿಸಿದ ಮೇಲೂ ಇನ್ನೊಂದು ಚೆಕ್ ಹಾಕಿದ್ದರೆ ಮಾತ್ರ ಮೊದಲು ವಕೀಲರು, ಆಮೇಲೆ ಪೊಲೀಸರು.

ಊರಿನ ಪೊಲೀಸರ ಅಥವಾ ಕ್ಯಾಂಪಸ್ ಪೊಲೀಸರ ಸಾಮಾನ್ಯ ನಂಬರಿಗೆ ಫೋನ್ ಮಾಡಿ, 911ಕ್ಕಲ್ಲ. ರಿಪೋರ್ಟ್ ನಂಬರ್ ತೆಗೆದುಕೊಳ್ಳಿ. ಬ್ಯಾಂಕ್, ಬಾಕಿ ವಸೂಲಿ ಮಾಡುವ ಕಲೆಕ್ಷನ್ ಕಂಪನಿ ಎಲ್ಲರೂ ಅದನ್ನೇ ಕೇಳುತ್ತಾರೆ. ಚೆಕ್ ಅಂಚೆಯಲ್ಲಿ ಬಂದಿದ್ದರೆ ಲಕೋಟೆಯ ಜೊತೆ ಅಂಚೆ ಇಲಾಖೆಯ ಇನ್‌ಸ್ಪೆಕ್ಷನ್ ಸರ್ವಿಸ್‌ಗೆ ಹೇಳಿ. ಅದು ಫೆಡರಲ್ ಪೊಲೀಸ್ ಪಡೆಯೇ, ಮೇಲ್ ಫ್ರಾಡ್ ಅವರ ಹಳೇ ಕೆಲಸ. ಎಫ್‌ಟಿಸಿ ನಿಮ್ಮ ಒಂದು ಕೇಸನ್ನು ಹಿಡಿದು ನಡೆಸುವುದಿಲ್ಲ, ದೂರುಗಳನ್ನು ಕೂಡಿಸಿ ಪೊಲೀಸರಿಗೆ ಕೊಡುತ್ತದೆ.

ಆದರೂ ಕೂಡಿಟ್ಟ ದೂರುಗಳು ಕೆಲವೊಮ್ಮೆ ಫಲ ಕೊಡುತ್ತವೆ. ಮೋಸಗಾರರು ತನ್ನ ಜಾಲ ಬಳಸುವುದನ್ನು ತಡೆಯಲಿಲ್ಲ ಅಂತ ಹಣ ರವಾನಿಸುವ ಕಂಪನಿ ವೆಸ್ಟರ್ನ್ ಯೂನಿಯನ್ 2017ರಲ್ಲಿ 58.6 ಕೋಟಿ ಡಾಲರ್ ಕೊಡಲು ಒಪ್ಪಿತು. 2004ರಿಂದ 2017ರ ಜನವರಿವರೆಗೆ ಅದರ ಮೂಲಕ ದುಡ್ಡು ಕಳೆದುಕೊಂಡವರು ಅರ್ಜಿ ಹಾಕಿ ವಾಪಸ್ ಪಡೆದರು. ಹಳೇ ದೂರು, ರಸೀದಿ ಇದ್ದವರಿಗೆ ಆ ಅರ್ಜಿ ಸುಲಭವಾಯಿತು. ಮೋಸಗಾರ ಸಿಕ್ಕಿ ಶಿಕ್ಷೆಯಾದರೂ ಹೀಗೇ. ಫೆಡರಲ್ ಕೋರ್ಟ್ ಇಂಥ ಅಪರಾಧಗಳಲ್ಲಿ ನಷ್ಟ ತುಂಬಿಕೊಡಲು ಆದೇಶಿಸಲೇಬೇಕು ಅಂತ 1996ರ ಕಾನೂನಿದೆ. ನಿಮ್ಮ ಹೆಸರು ದಾಖಲೆಯಲ್ಲಿದ್ದರೆ ಆ ಪಟ್ಟಿಗೆ ಬರುತ್ತೀರಿ. ಅವನ ಹತ್ತಿರ ದುಡ್ಡು ಉಳಿದಿರಬೇಕು ಅನ್ನುವುದು ಬೇರೆ ಮಾತು.

ದುಡ್ಡು ಭಾರತದ ಖಾತೆಗೆ ಹೋಗಿದ್ದರೆ, ಅಥವಾ ಊರಿನಲ್ಲಿರುವ ಅಪ್ಪ ಅಮ್ಮ ಮೋಸಗಾರರು ಹೇಳಿದ ಯುಪಿಐಗೆ ಹಾಕಿದ್ದರೆ, ಅಮೆರಿಕದ ದೂರಿನ ಜೊತೆ ಮನೆಯವರಿಂದ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಕರ್ನಾಟಕದಲ್ಲಿ ಇದನ್ನು ನೋಡುವುದು ಸಿಇಎನ್ ಪೊಲೀಸ್ ಠಾಣೆ. ಅಲ್ಲೂ ಮೊದಲ ಗಂಟೆಗಳೇ ಮುಖ್ಯ.

ಎಫ್-1 ವೀಸಾದವರ ಭಯ

ಸುಮಾರು ವಿದ್ಯಾರ್ಥಿಗಳು ದೂರು ಕೊಡದೇ ಇರುವುದಕ್ಕೆ ಕಾರಣ ನಾಚಿಕೆಯಷ್ಟೇ ಅಲ್ಲ. "ಕ್ಯಾಂಪಸ್ ಹೊರಗೆ ಕೆಲಸ ಒಪ್ಪಿಕೊಂಡಿದ್ದೆ ಅಂತ ಗೊತ್ತಾದರೆ ವೀಸಾ ಹೋಗುತ್ತಾ?" ಈ ಭಯ ಸುಮ್ನೆ ಹುಟ್ಟಿದ್ದಲ್ಲ. ವಿದ್ಯಾರ್ಥಿ ವೀಸಾ ಎಫ್-1ನಲ್ಲಿ ಅನುಮತಿ ಇಲ್ಲದೆ ಹೊರಗೆ ಕೆಲಸ ಮಾಡುವಂತಿಲ್ಲ. ಮೋಸಕ್ಕೆ ಒಳಗಾಗುವುದು ವೀಸಾ ಉಲ್ಲಂಘನೆ ಅಲ್ಲ, ಸೋಫಾ ಮಾರಿದವರಿಗೆ ಈ ಚಿಂತೆಯೇ ಬೇಡ. ಆದರೆ ವಾರಗಟ್ಟಲೆ ಆ 'ಬಾಸ್' ಹೇಳಿದ ಕೆಲಸ ಮಾಡಿದ್ದರೆ ಪ್ರಶ್ನೆ ಬರಬಹುದು.

ಇಲ್ಲಿ ಯಾರ ಹತ್ತಿರ ಮೊದಲು ಮಾತಾಡಬೇಕು? ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಡಿಎಸ್‌ಒ ಒಳ್ಳೆಯವರೇ ಇರಬಹುದು, ಆದರೆ ಅವರು ನಿಮ್ಮ ವಕೀಲರಲ್ಲ. ನಿಮ್ಮ ಸೆವಿಸ್ ದಾಖಲೆ, ಅಂದರೆ ವಿದ್ಯಾರ್ಥಿ ವೀಸಾದ ಸರ್ಕಾರಿ ದಾಖಲೆ, ನೋಡಿಕೊಳ್ಳುವ ಅಧಿಕಾರಿ ಅವರು. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಕಾನೂನು ನೆರವು ಕಚೇರಿ ಇರುತ್ತದೆ, ನೀವು ಕಟ್ಟಿದ ಫೀಸಿನಲ್ಲೇ ಅದು ಸೇರಿರುತ್ತದೆ. ಅಲ್ಲಿನ ವಕೀಲರ ಜೊತೆ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಅವರು ವೀಸಾ ವಿಷಯ ನೋಡದಿದ್ದರೆ ಇಮಿಗ್ರೇಷನ್ ವಕೀಲರ ಹತ್ತಿರ ಒಂದು ಗಂಟೆಯ ಸಲಹೆಗೆ ದುಡ್ಡು ಕೊಡಿ. ನಷ್ಟ ಚಿಕ್ಕದಾದರೂ ವಕೀಲರಿಗೆ ಖರ್ಚು ಮಾಡಿ ಅಂತ ನಾನು ಮನಸಾರೆ ಹೇಳುವ ಜಾಗ ಇದು. ಬ್ಯಾಂಕ್‌ಗೆ ತಿಳಿಸುವುದನ್ನು ಇದಕ್ಕಾಗಿ ತಡಮಾಡಬೇಡಿ. ಚೆಕ್ ನಕಲಿ, ದುಡ್ಡು ಇಲ್ಲಿಗೆ ಹೋಗಿದೆ ಅಂತ ಹೇಳಲು ವೀಸಾ ಮಾತು ಎತ್ತಬೇಕಿಲ್ಲ.

ಪಾಸ್‌ಪೋರ್ಟ್ ಪ್ರತಿ, ಸೋಷಿಯಲ್ ಸೆಕ್ಯುರಿಟಿ ನಂಬರ್ ಮೋಸಗಾರರಿಗೆ ಕಳಿಸಿದ್ದರೆ, ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ತೆಗೆಯದಂತೆ ಮೂರೂ ಕ್ರೆಡಿಟ್ ಸಂಸ್ಥೆಗಳಲ್ಲಿ ಫ್ರೀಜ್ ಹಾಕಿ. 2018ರಿಂದ ಅದು ಪುಕ್ಕಟೆ.

ಬ್ಯಾಂಕ್‌ಗೇ ಬಾಕಿ ಬಿದ್ದಾಗ

ಖಾತೆ ಮೈನಸ್‌ಗೆ ಹೋದರೆ ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಬ್ಯಾಂಕ್ ಖಾತೆ ಮುಚ್ಚಿ, ಬಾಕಿಯನ್ನು ಕಲೆಕ್ಷನ್‌ಗೆ ಕಳಿಸಿ, ಚೆಕ್ಸ್‌ಸಿಸ್ಟಮ್ಸ್ ಅನ್ನುವ ಸಂಸ್ಥೆಗೆ ವರದಿ ಮಾಡಬಹುದು. ಆ ದಾಖಲೆ ಸಾಮಾನ್ಯವಾಗಿ ಐದು ವರ್ಷ ಉಳಿಯುತ್ತದೆ, ಅಷ್ಟು ಕಾಲ ಬೇರೆ ಬ್ಯಾಂಕ್‌ಗಳು ಖಾತೆ ಕೊಡಲು ಹಿಂದೆಮುಂದೆ ನೋಡುತ್ತವೆ. ಕ್ರೆಡಿಟ್ ಹಿಸ್ಟರಿಯೇ ಇಲ್ಲದ ಹೊಸಬರಿಗೆ ಎರಡು ಸಾವಿರ ಡಾಲರ್ ಹೋದದ್ದಕ್ಕಿಂತ ಇದೇ ದೊಡ್ಡ ಏಟು. ಪೊಲೀಸ್ ರಿಪೋರ್ಟ್ ತೋರಿಸಿ ಕಂತಿನಲ್ಲಿ ಕಟ್ಟುತ್ತೇನೆ ಅಂತ ಬರೆದುಕೊಡಿ, ಓವರ್‌ಡ್ರಾಫ್ಟ್ ದಂಡ ಮನ್ನಾ ಮಾಡಿ ಅಂತ ಕೇಳಿ. ವರದಿಯಲ್ಲಿ 'ಫ್ರಾಡ್ ಶಂಕೆ' ಅಂತ ತಪ್ಪಾಗಿ ಹಾಕಿದ್ದರೆ ಫೆಡರಲ್ ಕ್ರೆಡಿಟ್ ವರದಿ ಕಾನೂನಿನಡಿ ತಕರಾರು ಹಾಕಬಹುದು, ಸಾಮಾನ್ಯವಾಗಿ 30 ದಿನದಲ್ಲಿ ಪರಿಶೀಲಿಸಬೇಕು. ಸಂಬಳ ಅದೇ ಬ್ಯಾಂಕಿನ ಇನ್ನೊಂದು ಖಾತೆಗೆ ಬರುತ್ತಿದ್ದರೆ ಬಾಕಿಯನ್ನು ಅಲ್ಲಿಂದಲೂ ಹಿಡಿದುಕೊಳ್ಳಬಹುದು, ಅದು ನೆನಪಿರಲಿ.

ತೆರಿಗೆಯಲ್ಲಿ ನಷ್ಟ ತೋರಿಸಬಹುದಾ ಅಂತ ಕೇಳುವವರಿದ್ದಾರೆ. 2018ರಿಂದ ಸ್ವಂತ ಕಳವಿನ ನಷ್ಟಕ್ಕೆ ಆ ದಾರಿ ಸಾಮಾನ್ಯವಾಗಿ ಮುಚ್ಚಿದೆ. ಲಾಭದ ಉದ್ದೇಶದಿಂದ ಮಾಡಿದ ವ್ಯವಹಾರದಲ್ಲಿ ಕಳೆದುಕೊಂಡಿದ್ದರೆ ಇನ್ನೂ ಅವಕಾಶವಿದೆ. ಮೊತ್ತ ದೊಡ್ಡದಿದ್ದರೆ ಸಿಪಿಎ (ನಮ್ಮ ಸಿಎ ಥರದ ಲೆಕ್ಕಿಗರು) ಹತ್ತಿರ ಕೇಳಿ, ಚಿಕ್ಕದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಫೋನ್ ಬರುತ್ತದೆ: ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಲು ಫೀಸ್ ಕಟ್ಟಿ. ಮೋಸ ಹೋದವರ ಪಟ್ಟಿಯೇ ಮಾರಾಟವಾಗುತ್ತದೆ, ಹಾಗಾಗಿ ಅವರಿಗೆ ನಿಮ್ಮ ಮೊತ್ತವೂ ಗೊತ್ತಿರಬಹುದು. ಹೀಗೆ ದುಡ್ಡು ವಾಪಸ್ ಕೊಡಿಸುತ್ತೇವೆ ಅಂತ ಫೋನಿನಲ್ಲಿ ಹೇಳುವವರು ಮುಂಗಡ ಫೀಸ್ ಕೇಳುವುದೇ ಫೆಡರಲ್ ನಿಯಮಕ್ಕೆ ವಿರುದ್ಧ. ದುಡ್ಡು ನಿಮ್ಮ ಕೈ ಸೇರಿ ಏಳು ಕೆಲಸದ ದಿನ ಆಗುವವರೆಗೆ ಒಂದು ಡಾಲರ್ ಕೂಡ ತೆಗೆದುಕೊಳ್ಳುವಂತಿಲ್ಲ. ಐಸಿ3 ಹೆಸರಿನಲ್ಲೂ ಇಂಥ ಕರೆಗಳು ಬರುತ್ತವೆ. ಐಸಿ3 ತಾನಾಗಿ ಯಾರಿಗೂ ಫೋನ್ ಮಾಡುವುದಿಲ್ಲ. ನಿಮ್ಮ ದೂರಿನ ಬಗ್ಗೆ ಮಾತಾಡಬೇಕಿದ್ದರೆ ಎಫ್‌ಬಿಐನ ಸ್ಥಳೀಯ ಕಚೇರಿಯವರೋ ಬೇರೆ ಪೊಲೀಸರೋ ಸಂಪರ್ಕಿಸುತ್ತಾರೆ, ಅವರು ಫೀಸ್ ಕೇಳುವುದಿಲ್ಲ.